ಬೋರ್ ಘಾಟಿನ ರೋಡು, ಹೇರೆತ್ತಿನ ಮಂದಿ

ಪುಣೆದಾಗಿನ ನಮ್ಮ ಕನ್ನಡ ಮಂದಿ ಬೋರ್ ಘಾಟ್ ಅನ್ನೋ ಘಟ್ಟ ಹತ್ತಿ ಬರೋ ಹಳೇ ಮುಂಬೈ-ಪುಣೆ ರೋಡಿನ ಬಗ್ಗೆ ಕೇಳೋ ಪ್ರಶ್ನೆ ವರ್ಷಾ ಅವೇ ಇರ್ತಾವ. ಉತ್ತರ ಕೊಟ್ಟು ಕೊಟ್ಟು ಸಾಕಾಗೇದ, ಅದಕ್ಕ ಎಲ್ಲಾ ಒಂದೇ ಕಡೆ ಬರೀಲಿಕ್ಕತ್ತೀನಿ.

ಬ್ರಿಟಿಷರು ಘಾಟ್ ರೋಡಿಗೆ ಬೆಲ್ಲ, ತತ್ತಿ ಕಲಸಿ ಹಾಕಿದ್ರಂತ, ಅದಕ್ಕ ಇನ್ನೂ ಗಟ್ಟಿ ಅದ ಅಂತಾರ, ಖರೇನ?

ಸುಳ್ಳು. ಬೆಲ್ಲ ಹಾಕಿದ ಗಾರೆ ಗ್ವಾಡಿ ಕಟ್ಟಲಿಕ್ಕೆ. ರೋಡಿಗೆ ಖಡಿ ಹಾಸಿ ಬಡೀತಿದ್ರು, ಮಳಿಗೆ ಕಿತ್ತು ಹೋಗ್ತಿತ್ತು, ಮತ್ತ ಹಾಸ್ತಿದ್ರು. ಇವತ್ತು ನೀವು ಗಾಡಿ ಓಡಿಸೋದು ಡಾಂಬರಿನ ಮ್ಯಾಲ. ಆ ವಾಟ್ಸಾಪ್ ಮೆಸೇಜ್ ಇನ್ನ ನನಗ ಕಳಿಸಬ್ಯಾಡ್ರಿ.

ಈ ರೋಡು ಆಗಲಿಲ್ಲಂದ್ರ ಘಟ್ಟದ ಮ್ಯಾಲಿನವರು ಹಿಂದೇ ಉಳೀತಿದ್ವಿ, ಇಂಗ್ಲಿಷರಿಗೆ ಥ್ಯಾಂಕ್ಸ್ ಹೇಳಬೇಕಲ್ಲೇನ್ರಿ ಸರ್?

ಇದೊಂದನ್ನ ಪೂರಾ ಓದ್ರಿ. ರೋಡಿಗಿಂತ ಮೊದಲು ಘಾಟೇನು ಮುಚ್ಚಿದ್ದಿಲ್ಲ. ಕೊಂಕಣದ ಉಪ್ಪು ಮ್ಯಾಲ ಬರ್ತಿತ್ತು, ಮ್ಯಾಲಿನ ಕಾಳುಕಡಿ ಕೆಳಗ ಇಳೀತಿತ್ತು, ಎಲ್ಲಾ ಹೇರೆತ್ತಿನ ಬೆನ್ನ ಮ್ಯಾಲ. ಹಂಗ ಹೇರು ಹೊಡಕೊಂಡು ಹೋಗೋದ್ರಾಗ ಲಮಾಣಿ ಮಂದಿ ಎತ್ತಿದ ಕೈ, ಲವಣ ಅನ್ನೋದ್ರಿಂದನ ಆ ಹೆಸರು ಬಂತು ಅಂತಾರ. ಹೆಂಡ್ರು ಮಕ್ಕಳು ಸಮೇತ ಸಾವಿರಗಟ್ಟಲೆ ಎತ್ತು, ಹುಲ್ಲು ನೀರು ಸಿಕ್ಕಲ್ಲಿ ತಾಂಡಾ. ಇಂಗ್ಲಿಷರ ಕಾಗದದಾಗ ಬ್ರಿಂಜಾರಿ ಅಂತ ಬರೋರು ಇವರ. 1803ರ ಮರಾಠಾ ಯುದ್ಧದಾಗ ಆರ್ಥರ್ ವೆಲ್ಲೆಸ್ಲಿ, ಮುಂದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದಾತ, ಅವನ ದಂಡು ಹೊಟ್ಟಿ ತುಂಬಿಸಿಕೊಂಡಿದ್ದು ಇವರ ಎತ್ತಿನಿಂದ, ಮರುವರ್ಷ ತೋಪು ಎಳೀಲಿಕ್ಕೆ ಬೋರ್ ಘಾಟಿನ ದಾರಿ ಸರಿ ಮಾಡಿಸಿದವನೂ ಅವನ. 1818ಕ್ಕ ಪೇಶ್ವೆ ರಾಜ್ಯ ಹೋತು, 1830ರ ನವೆಂಬರ್ 10ಕ್ಕ ಗವರ್ನರ್ ಜಾನ್ ಮಾಲ್ಕಂ ಚಕ್ಕಡಿ ಹೋಗೋ ರೋಡು ಚಾಲೂ ಮಾಡಿದ.

ಈಗ ನೀವ ಲೆಕ್ಕ ಹಾಕ್ರಿ. ಒಂದು ಎತ್ತು ಬೆನ್ನ ಮ್ಯಾಲ ಹೊರೋದು ಆ ಕಡೆ ಒಂದು ಈ ಕಡೆ ಒಂದು ಚೀಲ, ಅದ ಎತ್ತಿನ ಜೋಡಿ ಚಕ್ಕಡಿಗೆ ಹೂಡಿದ್ರ ಎಷ್ಟೋ ಪಟ್ಟು ಹೆಚ್ಚು ಎಳೀತದ, ದಿನಾ ಸಂಜೀಕ ಹೇರು ಇಳಿಸಿ ಮುಂಜಾನೆ ಮತ್ತ ಹೇರೋ ಕಷ್ಟನೂ ಇಲ್ಲ. ಬಾಡಿಗಿ ಇಳೀತು, ಹತ್ತಿ ಲಗೂನ ಬಂದರಕ್ಕ ಮುಟ್ಟಿತು, ಮುಂಬೈ ವ್ಯಾಪಾರಿಗೆ ಲಾಭ ಆತು, ರೈತರಿಗೂ ಅಷ್ಟಿಷ್ಟು ಆತು, ನಾನು ಇಲ್ಲ ಅನ್ನಂಗಿಲ್ಲ. ಹೇರೆತ್ತಿನವರ ಬಾಡಿಗಿ ಮಾತ್ರ ಹೋತು. 1863ಕ್ಕ ಅದ ಘಾಟಿನಾಗ 25 ಸುರಂಗ ಕೊರೆದು ರೈಲು ತಂದ್ರು, ಉಳಿದಿದ್ದೂ ಹೋತು. ಆಮ್ಯಾಲ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು, ಊರೂರು ತಿರುಗೋ ಎಷ್ಟೋ ಸಮುದಾಯ ಹುಟ್ಟಾ ಕಳ್ಳರು ಅಂತ ಪಟ್ಟಿ ಸೇರಿದ್ವು, ಲಮಾಣಿಗರ ಹಲವು ಗುಂಪೂ ಅದ್ರಾಗ ಸಿಕ್ಕವು. ತಿರುಗಿ ಹೊಟ್ಟಿ ಹೊರೀತಿದ್ದ ಮಂದಿಗೆ ತಿರುಗೋದ ಗುನ್ಹೆ ಆತು.

ಹೋದ ವರ್ಷ ವಾಕಡ್ ಕಡೆ ಒಂದು ಬಿಲ್ಡಿಂಗ್ ಸೈಟಿನಾಗ ವಿಜಯಪುರ ಕಡಿ ತಾಂಡಾದ ಒಬ್ಬ ಆಯಿ ಭೇಟಿ ಆದ್ರು. ಖಡಿ ಬುಟ್ಟಿ ಇಳಿಸಿ ತಲಿ ಮ್ಯಾಲಿನ ಸಿಂಬಿ ನನ್ನ ಕೈಯಾಗ ಕೊಟ್ರು, ಸುತ್ತಲೂ ಕವಡಿ ಹೊಲದಿತ್ತು, ಅರಬಿ ಹೊಸಾದು, ಕವಡಿ ಸವೆದು ಹಳದಿ ಆಗಿದ್ವು. "ನಮ್ಮ ಮುತ್ಯಾನ ಮುತ್ಯಾನ ಎತ್ತಿನ ಕೊಳ್ಳಾಗಿನವು ತಮ್ಮಾ, ಎತ್ತು ಹ್ವಾದ್ವು, ಇವು ಉಳದಾವ" ಅಂದ್ರು. ಥ್ಯಾಂಕ್ಸ್ ಹೇಳೋ ಮೊದಲು ಈ ಆಯಿನ್ನ ಒಂದು ಮಾತು ಕೇಳ್ರಿ.

ಘಾಟಿನ ದಾರಿ ತೋರಿಸಿದ ಶಿಂಗ್ರೋಬಾನ್ನ ಇಂಗ್ಲಿಷರು ಗುಂಡಿಟ್ಟು ಕೊಂದ್ರಂತ?

ಅದು ಕುರಿ ಕಾಯೋ ಧನಗರ ಮಂದಿ ನಂಬಿಕಿ, ಘಾಟಿನಾಗಿನ ಅವನ ಗುಡಿ ಮುಂದ ಡ್ರೈವರುಗಳು ರೊಕ್ಕ ಹಾಕಿ ಕೈ ಮುಗೀತಾರ, ನೀವೂ ಮುಗೀರಿ. ದಾಖಲೆ ಅದ ಅಂತ ಮಾತ್ರ ಹೇಳ್ಕೋತ ಹೋಗಬ್ಯಾಡ್ರಿ.

ಘಾಟಿನ ರೈಲು ಕೆಲಸ ಒಬ್ಬ ಹೆಣ್ಣುಮಗಳು ಮುಗಿಸಿದ್ಲೇನು?

ಹೌದು. ಕಾಂಟ್ರಾಕ್ಟರ್ ಸೋಲೊಮನ್ ಟ್ರೆಡ್ವೆಲ್ 1859ರಾಗ ಬಂದ ಸ್ವಲ್ಪ ದಿನಕ್ಕ ತೀರಿಕೊಂಡ, ಹೆಂಡ್ತಿ ಆಲಿಸ್ ಕಾಂಟ್ರಾಕ್ಟ್ ನಡಿಸಿದ್ಲು.

ಕಂಪನಿ ಕಾಲದ ಮೈಲಿಗಲ್ಲು ಮಾರಾಟಕ್ಕ ಬಂದದ, ತಗೊಳ್ಳಲೇನು?

ಬ್ಯಾಡ. ಕದ್ದದ್ದಿರತದ, ಇಲ್ಲಾ ನಕಲಿ. ಮಾರೋರನ್ನ ಮನಿ ಒಳಗ ಬಿಟ್ಕೋಬ್ಯಾಡ್ರಿ.

ಮಳೆಗಾಲದಾಗ ಹಳೇ ರೈಲು ದಾರಿ ಗುಂಟ ನಡೆದು ವಿಡಿಯೋ ಮಾಡ್ತೀವಿ, ದಾರಿ ಹೇಳ್ರಿ.

ಹೇಳಂಗಿಲ್ಲ. ಗುಡ್ಡ ಕುಸಿಯೋ ಜಾಗ ಅದು. ದೀಪಾವಳಿ ಆದಮ್ಯಾಲ ಕೇಳ್ರಿ, ಖಂಡಾಳಾ ತನಕ ನಾನ ಜೋಡಿ ಬರ್ತೀನಿ.