ಓದುಗರ ಪ್ರಶ್ನೆ: ಏವೋ ಮೀಟರಿಗೆ 15 ವೋಲ್ಟ್ ಎಲ್ಲಿಂದ?

ಪ್ರಶ್ನೆ: ಗುಜರಿ ಅಂಗಡಿಯಲ್ಲಿ ಬ್ರಿಟನ್ನಿನ ಏವೋ ಮೀಟರ್ ಮಾಡೆಲ್ 8 (ಮುಳ್ಳಿನ ಹಳೇ ಮಲ್ಟಿಮೀಟರ್) ಸಿಕ್ಕಿತು. ವೋಲ್ಟು, ಆಂಪಿಯರು ಸರಿಯಾಗಿಯೇ ತೋರಿಸುತ್ತದೆ. ವಿದ್ಯುತ್ ತಡೆ ಅಳೆಯುವ ಓಮ್ಸ್ ×100 ರೇಂಜಿನಲ್ಲಿ ಮಾತ್ರ ಮುಳ್ಳು ಕದಲುವುದಿಲ್ಲ. ಅದರ 15 ವೋಲ್ಟ್ ಬ್ಯಾಟರಿ ಎಲ್ಲೂ ಸಿಗುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ವೋಲ್ಟೇಜ್ ಸರಿಯಾಗಿ ತೋರಿಸುತ್ತಿದ್ದರೆ ಮೂವ್‌ಮೆಂಟ್ (ಮುಳ್ಳು ತಿರುಗಿಸುವ ಭಾಗ) ಚೆನ್ನಾಗಿದೆ, ಚಿಂತೆ ಬೇಡ. 15 ವೋಲ್ಟ್ ಬೇಕಾಗಿರುವುದು ×100 ರೇಂಜಿಗೆ ಮಾತ್ರ. ಉಳಿದೆರಡು ಓಮ್ಸ್ ರೇಂಜಿಗೆ ಟಾರ್ಚಿನ ದೊಡ್ಡ 1.5 ವೋಲ್ಟ್ ಸೆಲ್ ಸಾಕು. ಐದು ಸಿಆರ್ 2032 ಬಿಲ್ಲೆ ಸೆಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಗಟ್ಟಿ ಕಾಗದದ ಕೊಳವೆಯಲ್ಲಿ ಬಿಗಿಯಾಗಿ ಸುತ್ತಿ, ಎರಡು ತುದಿಗೂ ಹಿತ್ತಾಳೆ ಪಟ್ಟಿ ಒತ್ತಿಡಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸೀಲ್ ಬಿಟ್ಟುಹೋಗುತ್ತದೆ. ಹೊಸದರಲ್ಲಿ ಒಟ್ಟು 16 ವೋಲ್ಟ್ ದಾಟಬಹುದು. ಆ ರೇಂಜಿನ ಜೀರೋ ಗುಬುಟು ತಿರುಗಿಸಿ ಸರಿಪಡಿಸಿಕೊಳ್ಳಿ.

ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ? ಸೋರಿದ್ದು ಆಲ್ಕಲೈನ್ ಸೆಲ್ಲಾದರೆ ವಿನೆಗರ್, ಮಾಮೂಲಿ ಜಿಂಕ್ ಸೆಲ್ಲಾದರೆ ಅಡುಗೆ ಸೋಡಾ ನೀರು ಹತ್ತಿಯಲ್ಲಿ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ವೈರಿನ ತಾಮ್ರ ಕಪ್ಪಾಗಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಇಲ್ಲವೇ ವೈರನ್ನೇ ಬದಲಿಸಿ.

ಡಿಜಿಟಲ್ ಮೀಟರ್ ರೂಢಿಯಾದವರು ಎಡವುವ ಜಾಗ ಒಂದಿದೆ: ಓಮ್ಸ್‌ನಲ್ಲಿ ಏವೋದ ಕೆಂಪು ಲೀಡ್ ಮೈನಸ್! ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಉಲ್ಟಾ ತೋರಿಸಿತೆಂದು ಬಿಸಾಡಬೇಡಿ. ಇನ್ನೊಂದು, ಡಿಸಿಯಲ್ಲಿ ವೋಲ್ಟಿಗೆ 20,000 ಓಮ್ ಇರುವ ಮೀಟರು ಎಸಿಯಲ್ಲಿ 1,000 ಓಮ್ ಅಷ್ಟೇ. 100 ವೋಲ್ಟ್ ಎಸಿ ರೇಂಜಿನಲ್ಲಿ ಅದು ಸರ್ಕ್ಯೂಟಿನ ಮೇಲೆ 1 ಲಕ್ಷ ಓಮ್ ಲೋಡ್, ಹಾಗಾಗಿ ಹೈ ಇಂಪಿಡೆನ್ಸ್ (ತಡೆ ಹೆಚ್ಚಿರುವ) ಜಾಗದಲ್ಲಿ ರೀಡಿಂಗ್ ಕಮ್ಮಿ ಬರುತ್ತದೆ.

ಪ್ರಶ್ನೆ: ವರ್ಷಗಟ್ಟಲೆ ಮೂಲೆಯಲ್ಲಿದ್ದ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪನ್ನು (ಸಿಗ್ನಲ್ಲಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ನೇರವಾಗಿ ಪ್ಲಗ್ಗಿಗೆ ಹಾಕಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. 1972ರ ಅಮೆರಿಕನ್ ಮಾದರಿಯದು. ಅದರ ವೋಲ್ಟೇಜ್ ಸ್ವಿಚ್ 115ರಲ್ಲೇ ಉಳಿದಿರಬಹುದು. 230ಕ್ಕೆ ಸರಿಸಿ, ಅದಕ್ಕೆ ತಕ್ಕ ಫ್ಯೂಸ್ ಹಾಕಿ. ಮೊದಲ ಸಲ 100 ವಾಟ್ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲೇ (ಕರೆಂಟ್ ಬಲ್ಬಿನ ಮೂಲಕವೇ ಹಾಯುವಂತೆ) ಕೊಡಿ, ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಝಗ್ಗೆಂದು ಉರಿದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಆಗ ಪ್ಲಗ್ ಕಿತ್ತು, ಕೆಪಾಸಿಟರುಗಳು ಡಿಸ್ಚಾರ್ಜ್ ಆದಮೇಲೆ ಒಂದೊಂದು ಸಪ್ಲೈ ಲೈನಿಗೂ ಗ್ರೌಂಡಿಗೂ ನಡುವೆ ಓಮ್ಸ್ ನೋಡಿ. ಸಾಮಾನ್ಯವಾಗಿ ಕೈಕೊಡುವುದು ಟ್ಯಾಂಟಲಮ್ ಕೆಪಾಸಿಟರ್. ಬದಲಿಗೆ ಅಷ್ಟೇ ಮೈಕ್ರೋಫ್ಯಾರಡ್, ಮೊದಲಿನದಕ್ಕಿಂತ ಹೆಚ್ಚು ವೋಲ್ಟಿನದು ಹಾಕಿ. ಪಿಕ್ಚರ್ ಟ್ಯೂಬಿನ ಹೈವೋಲ್ಟೇಜ್ ಭಾಗಕ್ಕೆ ಮಾತ್ರ ಕೈಹಾಕಬೇಡಿ, ಅಲ್ಲಿರುವುದು ಸಾವಿರಾರು ವೋಲ್ಟ್.