ಡಬ್ಬಿ ತೆಗೆದಾಗಲೂ ಕರಡಿ ಕರಡಿಯಾಗೇ ಇರಲಿ

ಓದುಗರ ಪ್ರಶ್ನೆ, ಅಡುಗೆ ಬಳಗದ ಉತ್ತರ

ಜಪಾನಿನ ಬುತ್ತಿ ‘ಬೆಂಟೊ’ ಮಾದರಿಯಲ್ಲಿ, ಅನ್ನಕ್ಕೆ ಕರಡಿಯಂಥ ಮುಖ ಬರೆದು, ಮಕ್ಕಳಿಗೆ ಚೆಂದದ ಸಸ್ಯಾಹಾರಿ ಡಬ್ಬಿ ಕಟ್ಟುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವರ ಕೊರಗು ಒಂದೇ: ಬೆಳಗ್ಗೆ ಮುದ್ದಾಗಿದ್ದದ್ದು ಮಧ್ಯಾಹ್ನಕ್ಕೆ ಕಲಸುಮೇಲೋಗರ. ಬೆಂಟೊ ಮೊದಲಿಂದಲೂ ಆರಿದ ಮೇಲೆ ತಿನ್ನುವ ಊಟ. ಅಲ್ಲಿನ ಹಳೆಯ ಬಗೆಯೊಂದರ ಹೆಸರು ‘ಮಕುನೊಉಚಿ’. ನಾಟಕದ ಅಂಕಗಳ ನಡುವಿನ ಬಿಡುವಿನಲ್ಲಿ ತಿನ್ನುತ್ತಿದ್ದ ಬುತ್ತಿಯಿಂದ ಬಂದದ್ದು. ಬಿಸಿ, ನೀರು, ಖಾಲಿ ಜಾಗ, ಈ ಮೂರನ್ನು ಡಬ್ಬಿಯಿಂದ ಹೊರಗಿಟ್ಟರೆ ಮುಖ ಬರೆಯುವ ಕೆಲಸ ಕೊನೆಯ ಐದು ನಿಮಿಷದ್ದು.

ಸೋನಾ ಮಸೂರಿ ಅನ್ನದಲ್ಲಿ ಕರಡಿ ಉಂಡೆ ಕಟ್ಟಿದರೆ ಮಗಳು ಕಚ್ಚಿದ ಕೂಡಲೇ ಪುಡಿಯಾಗುತ್ತದಂತೆ. ಜಪಾನಿ ಅಕ್ಕಿಯೇ ಬೇಕಾ? — ಶಿವಮೊಗ್ಗದ ಓದುಗರು

ಬೇಕಿಲ್ಲ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಹಾಗಾಗಿ ಅಗಳು ಒಂದಕ್ಕೊಂದು ಅಂಟುತ್ತದೆ. ಬಾಸುಮತಿಯಲ್ಲಿ ಅದು ಹೆಚ್ಚು, ಎಷ್ಟು ಬೇಯಿಸಿದರೂ ಉಂಡೆ ಕೂರುವುದಿಲ್ಲ. ಸೋನಾ ಮಸೂರಿಯಲ್ಲೂ ಉಂಡೆ ಕಟ್ಟಬಹುದು. ಅಂಗಡಿಯಲ್ಲಿ ‘ಹೊಸ ಅಕ್ಕಿ ಕೊಡಿ’ ಅಂತ ಕೇಳಿ. ಚಿತ್ರಾನ್ನಕ್ಕೆ ನಾವು ಹುಡುಕುವ ಹಳೇ ಅಕ್ಕಿಯ ಉದುರುತನ ಇಲ್ಲಿ ಶತ್ರು.

ಒಂದು ಲೋಟ ಅಕ್ಕಿಯನ್ನು 20 ನಿಮಿಷ ನೆನೆಸಿ, ಎರಡೂಮುಕ್ಕಾಲು ಲೋಟ ನೀರಿಟ್ಟು, ಕುಕ್ಕರಿನಲ್ಲಿ ಮೂರು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಪ್ರೆಶರ್ ತಾನಾಗಿ ಇಳಿದ ಮೇಲೆ ಅರ್ಧ ಚಮಚ ಉಪ್ಪು ಹಾಕಿ, ಸೌಟಿನ ಹಿಂಬದಿಯಿಂದ ಅನ್ನದ ಕಾಲುಭಾಗವನ್ನು ಮಾತ್ರ ಮಸೆದು ಉಳಿದದ್ದರ ಜೊತೆ ಬೆರೆಸಿ. ಮಸೆದ ಭಾಗವೇ ಅಂಟು. ಎಲ್ಲವನ್ನೂ ಮಸೆದರೆ ಗಂಜಿ ಮುದ್ದೆಯಾಗುತ್ತದೆ.

ಉಂಡೆ ಕಟ್ಟುವ ಹೊತ್ತು ಮುಖ್ಯ. ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಕಟ್ಟಬೇಕು. ಪೂರ್ತಿ ಆರಿದ ಅನ್ನದ ಪಿಷ್ಟ ಬಿಗಿದುಕೊಂಡು ಅಂಟು ಬಿಡುತ್ತದೆ. ಫ್ರಿಜ್ಜಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಹಾಗಾಗಿ ರಾತ್ರಿಯೇ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಗಟ್ಟಿ ಕಾಳು ಕಾಳು. ಸಣ್ಣ ಬಟ್ಟಲಿಗೆ ಕ್ಲಿಂಗ್ ಫಿಲ್ಮ್ (ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆ) ಹಾಸಿ, ಸುಮಾರು 60 ಗ್ರಾಂ ಅನ್ನ ಇಟ್ಟು, ನಡುವೆ ಗುಳಿ ಮಾಡಿ, ಅರ್ಧ ಚಮಚ ಪುಳಿಯೋಗರೆ ಗೊಜ್ಜು ಇಡಿ. ಮೇಲೆ ಒಂದಿಷ್ಟು ಅನ್ನ ಮುಚ್ಚಿ, ಫಿಲ್ಮಿನ ನಾಲ್ಕು ತುದಿ ಸೇರಿಸಿ ತಿರುಚಿ, ತಿರುಗಿಸುತ್ತಾ ನಾಲ್ಕು ಸಲ ಒತ್ತಿ. ಅಷ್ಟೇ. ಜಾಸ್ತಿ ಹಿಸುಕಿದರೆ ಒಳಗಿನ ಗಾಳಿಯೆಲ್ಲ ಹೋಗಿ ಕಡುಬಿನ ಹಾಗೆ ಒತ್ತಾಗುತ್ತದೆ.

ಗೊಜ್ಜು ಯಾಕೆ ಒಳಗೆ? ಚಿತ್ರಾನ್ನ, ಪುಳಿಯೋಗರೆ ಕಲಸಿ ಉಂಡೆ ಕಟ್ಟಲು ಹೋದರೆ ಎಣ್ಣೆ ಅಗಳಿಗೆ ಸುತ್ತಿಕೊಂಡು ಅಂಟು ಹಿಡಿಯಲು ಬಿಡುವುದಿಲ್ಲ. ಜಪಾನಿನಲ್ಲಿ ಅನ್ನದುಂಡೆಯ ನಡುವೆ ಇಡುವ ‘ಉಮೆಬೊಶಿ’ ಎಂಬ ಉಪ್ಪುಹುಳಿಯ ಹಣ್ಣಿನ ಜಾಗವನ್ನು ನಮ್ಮ ಗೊಜ್ಜು ಸಲೀಸಾಗಿ ತುಂಬುತ್ತದೆ. ಬಿಳಿ ಮುಖ ಬಿಳಿಯಾಗಿಯೇ ಉಳಿಯುತ್ತದೆ, ರುಚಿಯೂ ಸಪ್ಪೆಯಾಗುವುದಿಲ್ಲ.

ನೋರಿ ಹಾಳೆ ಕತ್ತರಿಸಿ ಅಂಟಿಸಿದ ಕಣ್ಣು, ಬಾಯಿ ಮಧ್ಯಾಹ್ನಕ್ಕೆ ಸುಕ್ಕಾಗಿ ಮುದುಡುತ್ತದೆ. — ದಾವಣಗೆರೆ

ನೋರಿ ಅಂದರೆ ಕಡಲ ಪಾಚಿಯ ತೆಳು ಹಾಳೆ, ಅನ್ನದ ಹಬೆಗೆ ಕುಗ್ಗುತ್ತದೆ. ಅನ್ನ ತಣ್ಣಗಾದ ಮೇಲೆಯೇ ಅಂಟಿಸಿ, ಅದೂ ನೇರವಾಗಿ ಅಲ್ಲ. ನೋರಿ ತುಂಡನ್ನು ಮೊದಲು ಚೀಸ್ ಸ್ಲೈಸ್ ಮೇಲಿಟ್ಟು, ಅದರ ಅಂಚಿಗಿಂತ ಕೂದಲೆಳೆ ಹೊರಗೆ ಚೀಸನ್ನು ಟೂತ್‌ಪಿಕ್‌ನಿಂದ ಗೀರಿ ಬಿಡಿಸಿ. ಕೆಳಗಿರುವ ಚೀಸ್ ತೇವ ತಡೆಯುತ್ತದೆ, ಕಣ್ಣಿಗೆ ಬಿಳಿ ಅಂಚೂ ಸಿಗುತ್ತದೆ.

ನೋರಿ ಸಿಗದ ಊರಲ್ಲಿ ಕರಿಎಳ್ಳು ಸಾಕು. ಒದ್ದೆ ಮಾಡಿದ ಟೂತ್‌ಪಿಕ್ ತುದಿಗೆ ಒಂದೊಂದೇ ಎಳ್ಳು ಹತ್ತಿಸಿಕೊಂಡು ಒತ್ತಿ. ಎರಡು ಕಣ್ಣಿನ ಅಂತರ ಹೆಚ್ಚಿಸಿ, ಮುಖದ ನಡುಗೆರೆಗಿಂತ ಸ್ವಲ್ಪ ಕೆಳಗಿಟ್ಟರೆ ಎಳೆ ಮಗುವಿನ ಕಳೆ ಬರುತ್ತದೆ. ಮೇಲೆ ಹತ್ತಿರ ಹತ್ತಿರ ಇಟ್ಟರೆ ಸಿಟ್ಟಿನ ಮುಖ. ಕಿವಿ ಸಿಕ್ಕಿಸಲು ಟೂತ್‌ಪಿಕ್ ಬೇಡವೇ ಬೇಡ. ಎರಡು ಸೆಂಟಿಮೀಟರ್ ಉದ್ದದ ಹಸಿ ಸ್ಪಗೆಟ್ಟಿ ಕಡ್ಡಿ ಚುಚ್ಚಿ. ಅನ್ನದ ತೇವ ಹೀರಿ ಊಟದ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ, ಮಗುವಿನ ಬಾಯಿಗೆ ಚುಚ್ಚುವ ಭಯವಿಲ್ಲ.

ಎಷ್ಟು ದೊಡ್ಡ ಡಬ್ಬಿ ತೆಗೆದುಕೊಳ್ಳಬೇಕು? ಬ್ಯಾಗಿನಲ್ಲಿ ಎಲ್ಲಾ ಒಂದು ಕಡೆ ಜಾರಿರುತ್ತೆ. — ಬೆಂಗಳೂರು

ಜಪಾನಿನವರ ಒಂದು ಲೆಕ್ಕ ಸುಲಭ: ಒತ್ತಾಗಿ ತುಂಬಿದ ಡಬ್ಬಿಯಲ್ಲಿ ಎಷ್ಟು ಮಿಲಿಲೀಟರೋ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ. ಶಿಶುವಿಹಾರದ ಮಗುವಿಗೆ 300ರಿಂದ 350 ಮಿಲಿಲೀಟರ್, ಒಂದು–ಎರಡನೇ ತರಗತಿಗೆ 450ರ ಆಸುಪಾಸು. ಆರು ಪಾಲು ಮಾಡಿ: ಮೂರು ಪಾಲು ಅನ್ನ, ಎರಡು ಪಾಲು ತರಕಾರಿ, ಒಂದು ಪಾಲು ಬೇಳೆ, ಪನೀರ್ ಅಥವಾ ತೋಫು (ಸೋಯಾ ಪನೀರ್). ಡಬ್ಬಿ ದೊಡ್ಡದಾದರೆ ಜಾರುವುದು ಖಂಡಿತ. ಮೊದಲು ಅನ್ನ, ಆಮೇಲೆ ಆಕಾರ ಬದಲಿಸದ ದೊಡ್ಡ ತುಂಡು, ಕೊನೆಗೆ ಸಂದಿಗಳಿಗೆ ಬೇಯಿಸಿದ ಬ್ರೊಕೊಲಿ, ಬೀನ್ಸ್ ತುಂಡು. ಮುಚ್ಚಳ ಹಾಕಿ ಮೆಲ್ಲಗೆ ವಾಲಿಸಿ ನೋಡಿ. ಏನಾದರೂ ಕದಲಿದರೆ ಅಲ್ಲಿ ಇನ್ನೊಂದು ತುಂಡಿಗೆ ಜಾಗವಿದೆ ಎಂದರ್ಥ.

ಬೆಂಟೊ ಚಿತ್ರಗಳಲ್ಲಿ ಕಾಣುವ ಹಳದಿ ಮೊಟ್ಟೆ ಸುರುಳಿಗೆ ನಮ್ಮಂಥವರು ಏನು ಮಾಡೋಣ? ಕಡಲೆಹಿಟ್ಟಿನ ದೋಸೆ ಸುತ್ತಿದರೆ ಸೀಳುತ್ತೆ. — ಹುಬ್ಬಳ್ಳಿ

ಸೀಳಲು ಕಾರಣ ಎರಡು: ಗರಿಯಾಗಲೆಂದು ಸೇರಿಸಿದ ಅಕ್ಕಿಹಿಟ್ಟು ಅಥವಾ ರವೆ, ಮತ್ತೆ ದೊಡ್ಡ ಉರಿ. ಅರ್ಧ ಲೋಟ ಕಡಲೆಹಿಟ್ಟಿಗೆ ಅರ್ಧ ಲೋಟ ನೀರು, ಒಂದು ಚಮಚ ಮೊಸರು, ಕಾಲು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ, ಚಿಟಿಕೆ ಅರಿಶಿನ ಹಾಕಿ ಗಂಟಿಲ್ಲದೆ ಕಲಸಿ ಕಾಲು ಗಂಟೆ ಬಿಡಿ. ಹಿಟ್ಟು ಸೌಟಿನಿಂದ ದಾರದಂತೆ ಇಳಿಯಬೇಕು. ಬೇಕಾದರೆ ಇನ್ನೆರಡು ಚಮಚ ನೀರು.

ನಾನ್‌ಸ್ಟಿಕ್ ಕಾವಲಿಗೆ ಎಣ್ಣೆ ಸವರಿ, ಮೂರನೇ ಒಂದು ಭಾಗ ತೆಳ್ಳಗೆ ಹುಯ್ದು, ಸಣ್ಣ ಉರಿಯಲ್ಲಿ ಮುಚ್ಚಿ. ಮೇಲಿನ ಹಸಿ ಹೊಳಪು ಹೋದ ಕ್ಷಣವೇ ಒಂದು ಅಂಚಿನಿಂದ ಸುತ್ತಿ, ಸುರುಳಿಯನ್ನು ಬದಿಗೆ ತಳ್ಳಿ. ಖಾಲಿ ಜಾಗಕ್ಕೆ ಮತ್ತೆ ಎಣ್ಣೆ ಸವರಿ, ಎರಡನೇ ಪಾಲು ಸುರುಳಿಗೆ ತಾಗುವಂತೆ ಹುಯ್ಯಿರಿ, ಬೆಂದಾಗ ಅದೇ ಸುರುಳಿಯನ್ನು ಉರುಳಿಸುತ್ತಾ ಬನ್ನಿ. ಮೂರನೆಯದೂ ಹಾಗೆಯೇ. ಬಿಸಿಯಿದ್ದಾಗಲೇ ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟು, ಆರಿದ ಮೇಲೆ ಓರೆಯಾಗಿ ಕತ್ತರಿಸಿ. ಓರೆ ಕತ್ತರಿಸಿದ ಎರಡು ತುಂಡಿನಲ್ಲಿ ಒಂದನ್ನು ತಿರುಗಿಸಿ ಪಕ್ಕಕ್ಕಿಟ್ಟರೆ ಹೃದಯದ ಆಕಾರ.

ನಾವಿರುವುದು ಯೊಕೊಹಾಮಾದಲ್ಲಿ. ಮಗನ ಶಾಲೆಗೆ ಮನೆಯಿಂದಲೇ ಬೆಂಟೊ ಹೋಗಬೇಕು. ಅಲರ್ಜಿ ಪಟ್ಟಿಯಲ್ಲಿ ಮೀನು ಕಾಣದಿದ್ದರೆ ಆ ಪ್ಯಾಕೆಟ್ ಸಸ್ಯಾಹಾರ ಅಂತ ನಂಬಬಹುದೇ? — ಜಪಾನಿನಿಂದ ಓದುಗರು

ದಯವಿಟ್ಟು ನಂಬಬೇಡಿ. ಆ ಪಟ್ಟಿ ಅಲರ್ಜಿಗಾಗಿ ಇರುವುದು. ದಾಶಿ ಸಾರಿಗೆ ಹಾಕುವ ಒಣಮೀನು ‘ಕತ್ಸುಒಬುಶಿ’ಯ ಕತ್ಸುಒ ಮೀನು ಆ ಪಟ್ಟಿಯೊಳಗೇ ಬರುವುದಿಲ್ಲ. ಪದಾರ್ಥಗಳ ಪೂರ್ತಿ ಸಾಲು ಓದಿ: ‘ಕತ್ಸುಒ’, ‘ನಿಬೊಶಿ’ (ಒಣಗಿಸಿದ ಸಣ್ಣ ಮೀನು), ‘ಗ್ಯೊಕಾಯಿ ಎಕಿಸು’ (ಮೀನು, ಸಿಗಡಿಯಂಥವುಗಳ ಸತ್ವ), ‘ಝೆರಚಿನ್’ (ಇದು ಪ್ರಾಣಿಗಳಿಂದ ಬರುವ ಜೆಲಟಿನ್) ಇದ್ದರೆ ಬಿಡಿ. ಅನ್ನದ ಮೇಲೆ ಉದುರಿಸುವ ಫುರಿಕಾಕೆ, ಮಸಾಲೆ ಸವರಿದ ನೋರಿ, ಕೆಲವು ಉಮೆಬೊಶಿ, ಇವುಗಳಲ್ಲಿ ಮೀನು ಅಡಗಿರುತ್ತದೆ. ಸುಟ್ಟ ಸಾದಾ ನೋರಿ ಕಡಲ ಪಾಚಿ ಅಷ್ಟೇ. ಫುರಿಕಾಕೆಗೆ ಬದಲು ಹುರಿದ ಎಳ್ಳು, ಉಪ್ಪು ಕುಟ್ಟಿಟ್ಟುಕೊಳ್ಳಿ. ನಮ್ಮ ಚಟ್ನಿಪುಡಿಯೂ ನಡೆಯುತ್ತದೆ.

ದಾಶಿಯನ್ನು ಮನೆಯಲ್ಲೇ ಮಾಡಿ: ಒಂದು ಲೀಟರ್ ನೀರಿಗೆ 10 ಗ್ರಾಂ ‘ಕೊಂಬು’ (ಒಣಗಿಸಿದ ಒಂದು ಬಗೆಯ ಕಡಲ ಪಾಚಿ), ಎರಡು ಒಣ ಶಿಟಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ‘ಇನಾರಿ’ ಎಂಬ ಅನ್ನ ತುಂಬಿದ ಚೀಲ ಮಾಡಲು ತೋಫುವಿನ ಕರಿದ ಚೀಲ ‘ಅಬುರಾಗೆ’ಯ ಮೇಲೆ ಕುದಿನೀರು ಹುಯ್ದು ಎಣ್ಣೆ ತೆಗೆದು, ಈ ದಾಶಿಯಲ್ಲಿ ಸೋಯಾ ಸಾಸ್, ಸಕ್ಕರೆ ಸೇರಿಸಿ ರಸ ಇಂಗುವವರೆಗೆ ಕುದಿಸಿ. ಅದರೊಳಗೆ ಅನ್ನ ತುಂಬಿ, ಅಂಚು ಒಳಮಡಚಿ, ಎಳ್ಳಿನ ಕಣ್ಣಿಟ್ಟರೆ ಕಂದು ಕರಡಿ ಸಿದ್ಧ. ಈ ಡಬ್ಬಿಗಳಲ್ಲಿ ಇದರಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಮುದ್ದಾಗಿ ಬರುವುದು ಬೇರಿಲ್ಲ.

ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿ ವಾಸನೆ ಬರುತ್ತೆ. — ಮಂಗಳೂರು

ಬಿಸಿ ಅನ್ನಕ್ಕೆ ಮುಚ್ಚಳ ಹಾಕುತ್ತಿದ್ದೀರಿ ಅಂತ ಕಾಣುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಕುದಿದರೂ ಸಾಯುವುದಿಲ್ಲ. ಉಗುರುಬೆಚ್ಚಗೆ, ತೇವವಾಗಿ ಇಟ್ಟರೆ ಎದ್ದು ಬೆಳೆಯುತ್ತವೆ. ಕಟ್ಟಿದ ಉಂಡೆ, ಬಿಡಿ ಅನ್ನ, ಪಲ್ಯ ಎಲ್ಲವನ್ನೂ ಅಗಲ ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ ಆರಿಸಿ. ತುಂಬಿದ ಡಬ್ಬಿಯ ತಳಕ್ಕೆ ಅಂಗೈ ಕೊಟ್ಟಾಗ ಬೆಚ್ಚಗಿನ ಅನುಭವವೇ ಇರಬಾರದು, ಆಗ ಮುಚ್ಚಿ.

ಹಸಿ ತೆಂಗಿನತುರಿ ಹಾಕಿದ ಪಲ್ಯ ಎಲ್ಲಕ್ಕಿಂತ ಮೊದಲು ಹಳಸುತ್ತದೆ. ಡಬ್ಬಿಗೆ ಹೋಗುವ ಪಲ್ಯಕ್ಕೆ ಹುರಿದ ಒಣಕೊಬ್ಬರಿ ಹಾಕಿ. ಬೇಯಿಸಿದ ಸೊಪ್ಪನ್ನು ಹಿಂಡಿ ನೀರು ತೆಗೆಯಿರಿ. ಚೆರ್ರಿ ಟೊಮೆಟೊದ ಹಸಿರು ತೊಟ್ಟು ಕಿತ್ತು, ತೊಳೆದು, ಒರೆಸಿಯೇ ಇಡಿ, ಕೊಳೆ ನಿಲ್ಲುವುದು ತೊಟ್ಟಿನ ಸಂದಿಯಲ್ಲಿ. ಐದು ವರ್ಷದೊಳಗಿನ ಮಗುವಾದರೆ ಟೊಮೆಟೊ, ದ್ರಾಕ್ಷಿ ಎರಡನ್ನೂ ಉದ್ದುದ್ದಕ್ಕೆ ನಾಲ್ಕಾಗಿ ಸೀಳದೆ ಕೊಡಲೇಬೇಡಿ. ಇಡಿಯದು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಸೀಳಿದ್ದನ್ನು ರಸ ಸೋರದಂತೆ ಬೇರೆ ಸಿಲಿಕೋನ್ ಕಪ್ಪಿನಲ್ಲಿಡಿ. ಐಸ್ ಪ್ಯಾಕ್ ಇರುವುದು ಡಬ್ಬಿಯ ಮೇಲೆ, ತಂಪು ಕೆಳಕ್ಕೆ ಇಳಿಯುತ್ತದೆ. ಮುಚ್ಚಳದ ರಬ್ಬರ್ ದಿನಾ ಬಿಚ್ಚಿ ತೊಳೆಯಿರಿ.

ಮೊಸರು ಬುತ್ತಿಯನ್ನೇ ಮುಖ ಮಾಡಿ ಕಳಸಬೇಕಂದ್ರ ನೀರು ಬಿಡತೈತಿ, ಹುಳಿನೂ ಆಗತೈತಿ. — ವಿಜಯಪುರ

ಮೊಸರು ಕಡಿಮೆ ಮಾಡಿ, ಹಾಲು ಹಾಕಿ. ಒಂದು ಲೋಟ ಮೆತ್ತಗಿನ ಅನ್ನವನ್ನು ಚೆನ್ನಾಗಿ ಮಸೆದು, ಕಾಯಿಸಿ ಆರಿಸಿದ ಹಾಲು ಕಾಲು ಲೋಟ, ಗಟ್ಟಿ ಮೊಸರು ಒಂದು ದೊಡ್ಡ ಚಮಚ, ಉಪ್ಪು ಸೇರಿಸಿ. ಊಟದ ಹೊತ್ತಿಗೆ ಒಳಗೇ ಹೆಪ್ಪಾಗಿ ಹದಕ್ಕೆ ಬರುತ್ತದೆ. ಫಿಲ್ಮ್ ಹಾಸಿದ ಬಟ್ಟಲಲ್ಲಿ ಒತ್ತಿ ಕವುಚಿ ಹಾಕಿ. ಸಾಸಿವೆ ಒಗ್ಗರಣೆ ಮುಖದ ಮೇಲೆ ಬೇಡ, ಬುಡಕ್ಕೆ ಹಾಕಿ.

ಬೀಟ್‌ರೂಟ್ ಗುಲಾಬಿ ಅನ್ನ ಕಂದಾಗುತ್ತೆ, ಸೇಬು ಕಪ್ಪಾಗುತ್ತೆ. — ಮೈಸೂರು

ಬೀಟ್‌ರೂಟ್ ಬಣ್ಣ ಕುದಿತಕ್ಕೆ ನಿಲ್ಲದು. ಅನ್ನ ಬೆಂದ ಮೇಲೆ ಎರಡು ಚಮಚ ರಸ, ನಾಲ್ಕು ಹನಿ ನಿಂಬೆ ಬೆರೆಸಿ. ಪಾಲಕ್ ಹಸಿರಿಗೆ ಮಾತ್ರ ನಿಂಬೆ ಹಾಕಬೇಡಿ, ಹುಳಿಗೆ ಅದು ಮಂಕಾಗುತ್ತದೆ. ಸೇಬಿನ ಮೊಲ ಮಾಡಲು ಎಂಟು ಹೋಳು ಮಾಡಿ, ಸಿಪ್ಪೆಯ ಮೇಲೆ ‘ವಿ’ ಆಕಾರ ಗೀರಿ, ಅದರ ತೆರೆದ ಬಾಯಿಯ ಕಡೆಯಿಂದ ಮೂರನೇ ಎರಡು ಭಾಗ ಸಿಪ್ಪೆ ಎಬ್ಬಿಸಿ. ‘ವಿ’ ಒಳಗಿನ ತುಂಡು ಕಳಚಿದರೆ ಉಳಿದದ್ದೇ ಕಿವಿ. ಒಂದು ಲೋಟ ನೀರಿಗೆ ಎರಡು ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಮುಳುಗಿಸಿ, ಒರೆಸಿ ಇಡಿ.