ಆ ಎಳೆ ಯಾರದು?

ಶಿಡ್ಲಘಟ್ಟದ ಓದುಗರೇ, ನಮಸ್ಕಾರ.

‘ಜಾಗತೀಕರಣ ಅಂದರೆ ಎರಡನೇ ಈಸ್ಟ್ ಇಂಡಿಯಾ ಕಂಪನಿ. ಚೀನಾ ರೇಷ್ಮೆಯನ್ನು ಪೂರ್ತಿ ನಿಲ್ಲಿಸಿ. ನಮ್ಮ ಸೀರೆಯಲ್ಲಿ ಹೊರಗಿನವರ ಒಂದು ಎಳೆಯೂ ಇರಬಾರದು’ ಎಂದು ಬರೆದಿದ್ದೀರಿ. ರೇಷ್ಮೆ ಬೆಳೆದವರಿಗೆ ಈ ಸಿಟ್ಟು ಬರಲೇಬೇಕು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಒಂದೇ ಏಟಿಗೆ ಶೇ 30ರಿಂದ 5ಕ್ಕೆ ಇಳಿಯಿತು. ರಾಮನಗರದಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು.

ರಾಗಿಯಾದರೆ ಒಳ್ಳೇ ಬೆಲೆ ಬರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಗೂಡು ಹಾಗಲ್ಲ. ಹುಳ ಗೂಡು ಕಟ್ಟುವ ಚಂದ್ರಂಕಿ ತಟ್ಟೆಯಿಂದ ಬಿಡಿಸಿ ವಾರ ಕಳೆದರೆ ಒಳಗಿನ ಚಿಟ್ಟೆ ತೂತು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡನ್ನು ನೂಲು ಬಿಚ್ಚುವ ಯಾವ ರೀಲರ್ ಮುಟ್ಟುತ್ತಾನೆ? ಹಾಗಾಗಿ ಅವತ್ತಿನ ಹರಾಜಿನಲ್ಲಿ ಎಷ್ಟು ಕೂಗುತ್ತಾರೋ ಅಷ್ಟಕ್ಕೆ ಕೊಟ್ಟು ಬರಬೇಕು.

ಆದರೆ ಪೂರ್ತಿ ನಿಲ್ಲಿಸಿ ಅನ್ನುವ ಮೊದಲು ಒಮ್ಮೆ ನೇಕಾರರ ಮನೆಗೂ ಹೋಗಿ ಬನ್ನಿ. ಹಾಸು ಎಳೆಗೆ, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗೆ, ಅವರು ಚೀನಾ ನೂಲು ಕೇಳುವುದು ಸುಮ್ನೆ ಅಲ್ಲ. ಅದು ಒಂದೇ ಸಮ ಇರುತ್ತದೆ, ಕಡಿಮೆ ತುಂಡಾಗುತ್ತದೆ, ಮಗ್ಗ ನಿಲ್ಲದೆ ಓಡುತ್ತದೆ. ಅವರೂ ನಮ್ಮವರೇ ಅಲ್ವಾ?

ಇನ್ನು ಹೊರಗಿನ ಎಳೆಯ ಮಾತು. ರೇಷ್ಮೆ ಹುಳವೇ ಚೀನಾ ಮೂಲದ್ದು. ಮೈಸೂರು ಸೀಮೆಯಲ್ಲಿ ಅದನ್ನು ಬೆಳೆಸಿದವನು ಟಿಪ್ಪು. ಮೈಸೂರಿನಲ್ಲಿ 1912ರಲ್ಲಿ ಶುರುವಾದ ಸರ್ಕಾರಿ ನೇಯ್ಗೆ ಕಾರ್ಖಾನೆಗೆ ಮಗ್ಗ ಬಂದದ್ದು ಸ್ವಿಟ್ಜರ್ಲೆಂಡ್‌ನಿಂದ. ಬೆಂಗಳೂರಿನ ಟಾಟಾ ಸಿಲ್ಕ್ ಫಾರಂ ಬಸ್ ಸ್ಟಾಪ್ ಅನ್ನು ದಿನಾ ದಾಟುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅಲ್ಲಿ ಜೆಮ್‌ಶೆಡ್‌ಜಿ ಟಾಟಾ ಜಪಾನಿನ ವಿಧಾನದಲ್ಲಿ ರೇಷ್ಮೆ ಸಾಕಿಸಿದ್ದರು ಅಂತ? ಇವತ್ತು ಒಳ್ಳೇ ರೇಟು ಸಿಗುವ ಬಿಳಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳದ) ಗೂಡಿನ ಹಿಂದೆಯೂ 1990ರ ದಶಕದ ಜಪಾನ್ ನೆರವು ಇದೆ. ಇವೆಲ್ಲ ನಾವು ಬೇಕು ಅಂತ ತಂದುಕೊಂಡದ್ದು. ನಮ್ಮ ಬಿಸಿಲಿಗೆ, ನಮ್ಮ ಸೊಪ್ಪಿಗೆ ಒಗ್ಗಿಸಿಕೊಂಡದ್ದು.

2011ರದ್ದು ಹಾಗಲ್ಲ. ರೈತರನ್ನು ಕೇಳಲಿಲ್ಲ, ತಯಾರಾಗಲು ಸಮಯ ಕೊಡಲಿಲ್ಲ. ನಿಮ್ಮ ಈಸ್ಟ್ ಇಂಡಿಯಾ ಕಂಪನಿ ಹೋಲಿಕೆ ನನಗೆ ಒಪ್ಪಿಗೆಯಾಗದಿರುವುದು ಇಲ್ಲೇ. ಆ ಸುಂಕ ಇಳಿಸಿದ್ದು ಬೀಜಿಂಗ್ ಅಲ್ಲ, ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯೂ ಅಲ್ಲ. ನಾವೇ ಆರಿಸಿ ಕಳಿಸಿದವರು, ನಮ್ಮದೇ ಸಂಸತ್ತಿನಲ್ಲಿ. 2013ರಲ್ಲಿ ಅದನ್ನು ಮತ್ತೆ ಶೇ 15ಕ್ಕೆ ಏರಿಸಿದ್ದೂ ಅಲ್ಲೇ. ಅಧಿಕಾರ ನಮ್ಮ ಕೈಲೇ ಇತ್ತು. ಹೊರಗಿನವರ ಮೇಲೆ ಹಾಕಿಬಿಟ್ಟರೆ ಇಲ್ಲಿಯವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಹಾಗಾಗಿ ಮುಂದಿನ ಬಜೆಟ್‌ಗೆ ಮೊದಲೇ ನಿಮ್ಮ ಸಂಸದರಿಗೊಂದು ಕಾಗದ ಬರೆಯಿರಿ. ಸುಂಕ ಬದಲಿಸುವಾಗ ಬೆಳೆಗಾರರನ್ನೂ ನೇಕಾರರನ್ನೂ ಕೇಳುತ್ತೀರಾ ಅಂತ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಉತ್ತರ ಬಂದರೆ ಅದನ್ನೂ.

– ಸಂಪಾದಕ